ಶೇರ್ ಸೈಕಲ್‌ಗೂ ಶೇರ್ ಕಾರಿಗೂ ರಸ್ತೆ ಬದೀಲಿ ಜಾಗ ಕೊಡಿ: ಬೆಂಗಳೂರಿನ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ ಸರ್, ಮೇಡಂ,

ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ, ಐದೂ ಪಾಲಿಕೆಗಳ ಕಮಿಷನರ್‌ಗಳಿಗೆ, ಡಲ್ಟ್ ಅಂತ ಎಲ್ಲರೂ ಕರೆಯೋ ನಗರ ಭೂ ಸಾರಿಗೆ ನಿರ್ದೇಶನಾಲಯಕ್ಕೆ, ಸಾರಿಗೆ ಇಲಾಖೆಗೆ, ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೀತಿದೀನಿ, ಯಾಕಂದ್ರೆ ನಾನು ಹೇಳೋ ವಿಷಯ ನಿಮ್ಮಲ್ಲಿ ಯಾರ ಟೇಬಲ್ ಮೇಲಿದೆ ಅಂತ ನಮ್ಮಂಥ ಹೊರಗಿನವರಿಗೆ ಗೊತ್ತಾಗಲ್ಲ. ವಿಷಯ ಇದು: ಈ ಊರಲ್ಲಿ ಆ್ಯಪ್ ಒತ್ತಿ ತಗೊಂಡು ಹೋಗಿ ಬಿಟ್ಟು ಬರೋ ಸೈಕಲ್ ಮತ್ತು ಸಣ್ಣ ಇ-ಬೈಕ್ ಇದೆ, ಗಂಟೆ ಲೆಕ್ಕಕ್ಕೆ ಸಿಗೋ ಸೆಲ್ಫ್ ಡ್ರೈವ್ ಕಾರಿದೆ, ಎರಡೂ ಹತ್ತು ವರ್ಷದಿಂದ ಏಳ್ತಾ ಬೀಳ್ತಾ ನಡೀತಿವೆ, ಆದ್ರೆ ಸರ್ಕಾರ ಇವತ್ತಿಗೂ ಇವನ್ನ ಯಾರೋ ಖಾಸಗಿಯವರ ಬಿಸಿನೆಸ್ ಅಂತ ದೂರ ನಿಂತು ನೋಡ್ತಿದೆ. ಊರಲ್ಲಿ ಗಾಡಿಗಳ ಲೆಕ್ಕ ಕೋಟಿ ದಾಟಿ ಹೋಗಿದೆ, ಮೀಟಿಂಗ್ ಅಂದ್ರೆ ಫ್ಲೈಓವರ್, ಟನಲ್ ರೋಡ್ ಮಾತು. ಒಂದು ಗಾಡೀನ ಹತ್ತು ಜನ ಬಳಸೋ ದಾರಿ ಕಣ್ಣೆದುರಿಗೇ ಇದ್ದಾಗ ಅದರ ಬಗ್ಗೆ ಒಂದು ಗಂಟೆ ಕೂತು ಮಾತಾಡಿ ಅಂತ ಕೇಳ್ಕೊಳ್ಳೋಕೆ ಬರೀತಿದೀನಿ.

ಮೊದಲು ಒಂದು ಮಾತು, ಶೇರಿಂಗ್ ಅಂತ ಹೆಸರಿದೆ ಅಂತ ಎರಡನ್ನೂ ಒಂದೇ ಫೈಲಿಗೆ ಹಾಕಬೇಡಿ. ಎರಡರ ಕೆಲಸ ಬೇರೆ ಬೇರೆ.

ಶೇರ್ ಸೈಕಲ್ (ಇ-ಬೈಕನ್ನೂ ಸೇರಿಸೇ ಹೇಳ್ತಿದೀನಿ) ದಿನದ ಬಳಕೆದು. ಮೆಟ್ರೋ ಇಳಿದು ಮನೆಗೆ ಒಂದೂವರೆ ಎರಡು ಕಿಲೋಮೀಟರ್ ಇರುತ್ತೆ, ನಡೆಯೋಕೆ ಜಾಸ್ತಿ, ಆಟೋದವರಿಗೆ ಕಡಿಮೆ, ಅಷ್ಟು ಹತ್ತಿರಕ್ಕೆ ಬರಲ್ಲ ಅಂತಾರೆ ಇಲ್ಲಾ ಬಾಯಿಗೆ ಬಂದ ರೇಟ್ ಹೇಳ್ತಾರೆ, ಫೀಡರ್ ಬಸ್ ಬಂದ್ರೆ ಬಂತು. ಆ ಎರಡು ಕಿಲೋಮೀಟರ್‌ಗೋಸ್ಕರ ಎಷ್ಟೋ ಜನ ಮೆಟ್ರೋನೇ ಬಿಟ್ಟು ಸ್ಕೂಟರಲ್ಲೇ ಆಫೀಸಿಗೆ ಹೋಗ್ತಾರೆ. ಯುಲು ಥರದ ಇ-ಬೈಕ್ ಇಲ್ಲಿ ನಿಜವಾಗ್ಲೂ ಉಪಕಾರಕ್ಕೆ ಬರುತ್ತೆ. ಗಂಟೆಗೆ 25 ಕಿಲೋಮೀಟರ್ ಮೀರಲ್ಲ, ಮೋಟರ್ 250 ವ್ಯಾಟ್ ಒಳಗೆ, ಹಾಗಾಗಿ ಕಾನೂನಿನ ಪ್ರಕಾರ ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ. ಕಾಲೇಜು ಹುಡುಗಿಯರು, ಗಾಡಿ ಕಲಿಯದೇ ಇದ್ದ ನನ್ನ ವಯಸ್ಸಿನ ಹೆಂಗಸರು ಧೈರ್ಯವಾಗಿ ಹತ್ತೋ ಗಾಡಿ ಅದು.

ಶೇರ್ ಕಾರು ಹಾಗಲ್ಲ, ಅದು ಅಪರೂಪಕ್ಕೆ ಬೇಕಾಗೋದು. ಈ ಟ್ರಾಫಿಕ್ಕಲ್ಲಿ ಗಂಟೆ ಬಾಡಿಗೆ ಕಾರು ತಗೊಂಡು ದಿನಾ ಆಫೀಸಿಗೆ ಯಾರೂ ಹೋಗಲ್ಲ. ಅಮ್ಮನ್ನ ಕಣ್ಣಿನ ಆಪರೇಷನ್ ಆದ್ಮೇಲೆ ಮನೆಗೆ ಕರ್ಕೊಂಡು ಬರೋಕೆ, ಮದುವೆಗೆ, ಘಾಟಿ ಸುಬ್ರಹ್ಮಣ್ಯಕ್ಕೆ, ಊರಿಂದ ಅಕ್ಕಿ ತೆಂಗಿನಕಾಯಿ ಮೂಟೆ ತರೋಕೆ ಬೇಕು ಕಾರು. ತಿಂಗಳಿಗೆ ಒಂದೆರಡು ಸಲ. ನಮ್ಮ ಬೀದೀಲಿ ನೋಡಿ, ಕವರ್ ಹೊದ್ಕೊಂಡು ನಿಂತಿರೋ ಕಾರುಗಳು ಎಷ್ಟಿವೆ, ಕವರ್ ಮೇಲೆ ಹೊಂಗೆ ಎಲೆ ಬಿದ್ದು ಕೊಳೆತು ಅಂಟ್ಕೊಂಡಿರುತ್ತೆ, ಭಾನುವಾರಕ್ಕೆ ಭಾನುವಾರ ಒಂದು ಸುತ್ತು ಬ್ಯಾಟರಿ ಡೌನ್ ಆಗದೇ ಇರ್ಲಿ ಅಂತ ಓಡಿಸ್ತಾರೆ. ಅವರನ್ನ ಬೈಯೋಕೆ ಹೇಳ್ತಿಲ್ಲ, ಅವಸರಕ್ಕೆ ಕಾರು ಸಿಗುತ್ತೆ ಅನ್ನೋ ನಂಬಿಕೆ ಇಲ್ಲ, ಅದಕ್ಕೇ ಸಾಲ ಮಾಡಿ ಕೊಂಡಿದ್ದಾರೆ.

ಹಾಗಾಗಿ ಯಾವುದು ಮೇಲು ಅಂತ ಯಾರಾದ್ರೂ ಕೇಳಿದ್ರೆ ನಾನು ಹೀಗೆ ಲೆಕ್ಕ ಹಾಕ್ತೀನಿ. ಸೈಕಲ್ ಸರ್ವಿಸ್ ನಿಂತ್ರೆ ನಾಳೆ ಬೆಳಿಗ್ಗೇನೇ ಒಂದಷ್ಟು ಜನ ಸ್ಕೂಟರ್ ಹೊರಗೆ ತೆಗೀತಾರೆ. ಕಾರು ಸರ್ವಿಸ್ ನಿಂತ್ರೆ ನಾಳೆ ಏನೂ ಕಾಣಲ್ಲ, ಆರು ತಿಂಗಳು ವರ್ಷ ಕಳೆದ್ಮೇಲೆ ಒಂದೊಂದೇ ಮನೆಯವರು ಕಾರು ತಗೋತಾರೆ, ಅದು ಹತ್ತು ಹದಿನೈದು ವರ್ಷ ಬೀದೀಲಿ ನಿಲ್ಲುತ್ತೆ. ಸೈಕಲ್ಲು ಓಡೋ ಟ್ರಾಫಿಕ್ ಕಡಿಮೆ ಮಾಡುತ್ತೆ, ಕಾರು ಶೇರಿಂಗ್ ನಿಂತಿರೋ ಗಾಡಿ ಕಡಿಮೆ ಮಾಡುತ್ತೆ. ನಮ್ಮೂರಿಗೆ ಎರಡೂ ಬೇಕು. ಆದ್ರೆ ಮೊದಲು ಯಾವುದಕ್ಕೆ ಕೈ ಹಾಕ್ಬೇಕು ಅಂದ್ರೆ ಸೈಕಲ್ಲಿಗೆ, ಅದ್ರಲ್ಲಿ ನನಗೆ ಅನುಮಾನ ಇಲ್ಲ, ಯಾಕಂದ್ರೆ ಅದು ದಿನಾ ಬೇಕಾಗೋದು, ಬಡವರಿಗೂ ಬೇಕಾಗೋದು, ಮತ್ತೆ ಒಂದು ಕಾರು ನಿಲ್ಲೋ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತೆ.

ಬೇರೆ ದೇಶದಲ್ಲಿ ಏನಾಯ್ತು ಅಂತಾನೂ ನೋಡ್ಬೇಕು. ಆ್ಯಮ್‌ಸ್ಟರ್‌ಡ್ಯಾಮಲ್ಲಿ 1965ರಲ್ಲೇ ಲುಡ್ ಸ್ಕಿಮೆಲ್‌ಪೆನಿಂಕ್ ಅನ್ನೋರು ಮತ್ತವರ ಗೆಳೆಯರು ಸೈಕಲ್‌ಗೆ ಬಿಳಿ ಬಣ್ಣ ಬಳಿದು ಯಾರು ಬೇಕಾದ್ರೂ ಓಡಿಸಿ ಅಂತ ಬೀದೀಲಿ ಬಿಟ್ರು, ಬೀಗ ಹಾಕಿಲ್ಲ ಅಂತ ಪೊಲೀಸರು ಎತ್ಕೊಂಡು ಹೋದ್ರು. ಅದೇ ಮನುಷ್ಯ 1974ರಲ್ಲಿ ವಿಟ್‌ಕಾರ್ ಅಂತ ಪುಟ್ಟ ಎಲೆಕ್ಟ್ರಿಕ್ ಕಾರುಗಳನ್ನ ಶೇರಿಂಗ್‌ಗೆ ಬಿಟ್ರು. ಸೈಕಲ್ಲು ಕಾರು ಎರಡರ ಹಿಂದೇನೂ ಒಂದೇ ತಲೆ ಕೆಲಸ ಮಾಡಿದ್ದು ನನಗೆ ತುಂಬಾ ಇಷ್ಟ ಆಗೋ ಸಂಗತಿ. ಆಗ ಎರಡೂ ದೊಡ್ಡದಾಗಿ ಬೆಳೀಲಿಲ್ಲ, ಐಡಿಯಾ ಮಾತ್ರ ಜಗತ್ತೆಲ್ಲಾ ಹರಡ್ತು.

ಪ್ಯಾರಿಸ್ ಕತೆ ನೀವು ಕೂತು ಓದಲೇಬೇಕಾದ್ದು. ಅಲ್ಲಿ 2007ರ ಜುಲೈನಲ್ಲಿ ವೆಲಿಬ್ ಅಂತ ಸೈಕಲ್ ಶುರು ಮಾಡಿದ್ರು, 2011ರ ಡಿಸೆಂಬರಲ್ಲಿ ಆಟೋಲಿಬ್ ಅಂತ ಎಲೆಕ್ಟ್ರಿಕ್ ಕಾರು. ಒಂದೇ ಊರು, ಎರಡಕ್ಕೂ ಊರಿನ ಆಡಳಿತದ ಬೆಂಬಲ, ಎರಡಕ್ಕೂ ರಸ್ತೆ ಬದೀಲಿ ಸ್ಟೇಷನ್. ಆಟೋಲಿಬ್ 2018ರ ಜುಲೈ ಕೊನೆಗೆ ಮುಚ್ಚಿ ಹೋಯ್ತು, ನಷ್ಟ ಬೆಳೆದು ಆ ನಷ್ಟ ಯಾರು ಕಟ್ಟಬೇಕು ಅಂತ ಕಂಪನಿಗೂ ಸ್ಥಳೀಯ ಆಡಳಿತಕ್ಕೂ ಜಗಳ ಆಗಿ ನಿಂತಿದ್ದು. ಕಾರುಗಳು ಗಲೀಜಾಗಿರ್ತಿದ್ವು, ಡ್ಯಾಮೇಜ್ ಆಗಿರ್ತಿದ್ವು ಅಂತ ಜನರ ದೂರು ಬೇರೆ ಇತ್ತು. ವೆಲಿಬ್‌ಗೂ ಕಷ್ಟ ಕಡಿಮೆ ಇರ್ಲಿಲ್ಲ, ಶುರುವಿನ ವರ್ಷಗಳಲ್ಲಿ ಸಾವಿರಾರು ಸೈಕಲ್ ಕಳುವಾದ್ವು, ಮುರಿದು ಹಾಕಿದ್ರು, 2018ರಲ್ಲಿ ಗುತ್ತಿಗೆ ಹಳೇ ಕಂಪನಿಯಿಂದ ಹೊಸ ಕಂಪನಿಗೆ ಹೋದಾಗ ತಿಂಗಳುಗಟ್ಟಲೆ ಅಸ್ತವ್ಯಸ್ತ. ಆದ್ರೂ ಪ್ಯಾರಿಸ್‌ನವರು ಅದನ್ನ ಕೈಬಿಡಲಿಲ್ಲ, ಇವತ್ತಿಗೂ ಓಡ್ತಿದೆ. ನನ್ನ ಅಭಿಪ್ರಾಯದಲ್ಲಿ ವ್ಯತ್ಯಾಸ ಇಲ್ಲಿದೆ, ಆಟೋಲಿಬ್ ಕಾರನ್ನ ಇಲ್ಲಿ ಹತ್ತಿ ಅಲ್ಲಿ ಬಿಟ್ಟು ಹೋಗಬಹುದಿತ್ತು, ಅಂದ್ರೆ ಅದು ಟ್ಯಾಕ್ಸಿ ಮಾಡೋ ಕೆಲಸಾನೇ ಮಾಡ್ತಿತ್ತು, ಉಬರ್ ಬಂದ್ಮೇಲೆ ಆ ಪೈಪೋಟೀಲಿ ನಿಲ್ಲೋದು ಕಷ್ಟ. ಸೈಕಲ್ ಮಾಡೋ ಕೆಲಸ ಮೆಟ್ರೋಗೆ ಜೊತೆ ಕೊಡುತ್ತೆ, ಮೆಟ್ರೋ ಜೊತೆ ಜಗಳಕ್ಕೆ ಹೋಗಲ್ಲ.

ಹಾಗಂತ ಕಾರು ಶೇರಿಂಗ್ ಎಲ್ಲಾ ಕಡೆ ಸೋತಿಲ್ಲ. ಜರ್ಮನಿಯ ಬ್ರೆಮನ್ ಅನ್ನೋ ಊರಲ್ಲಿ 2003ರಿಂದ ಪಾಲಿಕೆಯವರೇ ಮೊಬಿಲ್‌ಪುಂಕ್ಟ್ ಅಂತ ಸ್ಟೇಷನ್‌ಗಳನ್ನ ಮಾಡ್ಕೊಂಡು ಬಂದಿದ್ದಾರೆ, ಟ್ರಾಮ್ ಬಸ್ ಹತ್ತಿರ, ಆಮೇಲೆ ಮನೆಗಳಿರೋ ಸಣ್ಣ ಬೀದಿಗಳಲ್ಲೂ ಎರಡೆರಡು ಮೂರ್ಮೂರು ಕಾರಿಗೆ ಜಾಗ. ತಗೊಂಡಲ್ಲೇ ತಂದು ನಿಲ್ಲಿಸ್ಬೇಕು. ಕಾರು ಕಂಪನಿಯದು, ಜಾಗ ಊರಿನದು. ಬೀದಿ ಮೂಲೇಲೇ ಕಾರು ಸಿಗುತ್ತೆ ಅಂತ ಗ್ಯಾರಂಟಿ ಇದ್ದಾಗ ಜನ ಸ್ವಂತ ಕಾರು ಬೇಡ ಅನ್ನೋ ಧೈರ್ಯ ಮಾಡ್ತಾರೆ. 2017ರಲ್ಲಿ ಜರ್ಮನಿ ಒಂದು ಕಾನೂನನ್ನೇ ತಂದು ಶೇರಿಂಗ್ ಕಾರಿಗೆ ರಸ್ತೇಲಿ ಜಾಗ ಮೀಸಲಿಡೋಕೆ ದಾರಿ ಮಾಡಿಕೊಡ್ತು. ಚೀನಾದ ಹ್ಯಾಂಗ್‌ಝೌನಲ್ಲಿ 2008ರಿಂದ ಸೈಕಲ್ಲನ್ನ ಬಸ್ ಓಡಿಸೋ ಸರ್ಕಾರಿ ಸಂಸ್ಥೇನೇ ನೋಡ್ಕೊಳ್ತು, ಮೊದಲ ಒಂದು ಗಂಟೆ ಫ್ರೀ. ಗಟ್ಟಿಯಾಗಿ ನಿಂತಿರೋ ಕಡೆ ಎಲ್ಲಾ ಜಾಗ ಮಾಡಿಕೊಟ್ಟೋರು ಊರಿನವರೇ.

ಈಗ ನಮ್ಮ ಕಡೆ ನೋಡೋಣ. ಮೈಸೂರಿನ ಟ್ರಿಣ್ ಟ್ರಿಣ್ ನಿಮಗೆಲ್ಲಾ ಗೊತ್ತು, 2017ರ ಜೂನ್‌ನಲ್ಲಿ 450 ಸೈಕಲ್ ಇಟ್ಕೊಂಡು ಶುರುವಾಗಿದ್ದು, ಪಾಲಿಕೆಯದೇ ಯೋಜನೆ. ನಮ್ಮ ಅತ್ತೆ ಮನೆ ಮೈಸೂರು, ಹಾಗಾಗಿ ಹತ್ತಿರದಿಂದ ನೋಡಿದೀನಿ. ಅದರಲ್ಲಿ ನನಗೆ ಹಿಡಿಸಿದ್ದು ಕಾರ್ಡು. ಡಾಕಿಂಗ್ ಸ್ಟೇಷನ್‌ಗೆ ಹೋಗಿ ಸ್ಮಾರ್ಟ್ ಕಾರ್ಡ್ ತೋರಿಸಿದ್ರೆ ಸೈಕಲ್ ಬಿಡ್ತಿತ್ತು, ಸ್ಮಾರ್ಟ್‌ಫೋನ್ ಬೇಕು, ಡೇಟಾ ಬೇಕು, ಲೊಕೇಶನ್ ಆನ್ ಮಾಡಿ ಅನ್ನೋ ತಾಪತ್ರಯ ಇಲ್ಲ. ಕಾಲೇಜು ಹುಡುಗರು, ಟೂರಿಸ್ಟ್‌ಗಳು, ಬೆಳಿಗ್ಗೆ ವಾಕಿಂಗ್ ಹೋಗೋ ರಿಟೈರ್ಡ್ ಮೇಷ್ಟ್ರುಗಳು ಎಲ್ಲಾ ಓಡಿಸ್ತಿದ್ರು. ಆಮೇಲೆ ಆಮೇಲೆ ಚೈನ್ ತುಕ್ಕು ಹಿಡಿದ ಸೈಕಲ್ಲು, ಖಾಲಿ ಡಾಕ್‌ಗಳು ಕಾಣೋಕೆ ಶುರು ಆದ್ವು. ಸೈಕಲ್ ಕೊಳ್ಳೋಕೆ ದುಡ್ಡು ಸಿಗುತ್ತೆ, ಉದ್ಘಾಟನೆಗೆ ಸಿಗುತ್ತೆ, ಟ್ಯೂಬ್ ಬದಲಾಯಿಸೋಕೆ ಸಿಗಲ್ಲ, ಅದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಟಿಕೆಟ್ ದುಡ್ಡಲ್ಲೇ ಸೈಕಲ್ ಸರ್ವಿಸ್ ನಡೀಬೇಕು ಅಂತ ನಾವು ಹಟ ಹಿಡೀತೀವಿ, ಬಸ್ಸಿಗೆ ಹಾಗೆ ಹಿಡಿಯಲ್ಲ. ಶಕ್ತಿ ಯೋಜನೆಯಲ್ಲಿ 2023ರ ಜೂನಿಂದ ನಾವು ಹೆಂಗಸರು ಫ್ರೀಯಾಗಿ ಓಡಾಡ್ತಿದೀವಿ, ಆ ಖರ್ಚನ್ನ ಸರ್ಕಾರ ಹೊತ್ಕೊಂಡಿದೆ, ಅದು ಸರಿಯಾಗೇ ಇದೆ. ಬಸ್ ಸ್ಟ್ಯಾಂಡಿಂದ ಮನೆಗೆ ಹೋಗೋ ಆ ಎರಡು ಕಿಲೋಮೀಟರ್‌ಗೂ ಅದೇ ಮನಸ್ಸು ಯಾಕೆ ಇರಬಾರದು?

ಬೆಂಗಳೂರಲ್ಲಿ ಕಂಪನಿಗಳ ಮೇಲೇ ಬಿಟ್ವಿ. 2017ರಲ್ಲಿ ಜೂಮ್‌ಕಾರ್‌ನವರು ಪೆಡಲ್ ಅಂತ ಸೈಕಲ್ ತಂದ್ರು, ನಿಂತು ಹೋಯ್ತು. ಬೌನ್ಸ್‌ನವರ ಕೀ ಇಲ್ಲದ ಸ್ಕೂಟರ್‌ಗಳು ಒಂದು ಕಾಲದಲ್ಲಿ ಎಲ್ಲಿ ನೋಡಿದ್ರೂ ಇದ್ವು, ಹೆಲ್ಮೆಟ್ ಕದ್ರು, ಪಾರ್ಟ್ಸ್ ಕಿತ್ರು, ಆಮೇಲೆ ಲಾಕ್‌ಡೌನ್ ಬಂತು, ಆ ಕಂಪನಿ ತಾನೇ ಎಲೆಕ್ಟ್ರಿಕ್ ಸ್ಕೂಟರ್ ಮಾಡಿ ಮಾರೋ ಕಡೆ ಹೊರಟ್ಹೋಯ್ತು. ಯುಲು ಉಳ್ಕೊಂಡಿದೆ, ಆದ್ರೆ ಈಗ ಅದರ ಮೇಲೆ ಕಾಣೋರಲ್ಲಿ ತುಂಬಾ ಜನ ಬೆನ್ನಿಗೆ ಬ್ಯಾಗ್ ಹಾಕ್ಕೊಂಡ ಡೆಲಿವರಿ ಹುಡುಗರು. ಅವರ ಅನ್ನದ ದಾರಿ ಅದು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ, ಲೈಸೆನ್ಸ್ ಇಲ್ಲದ ಹುಡುಗನೂ ಊರಿಂದ ಬಂದು ದುಡಿಯೋಕೆ ಶುರು ಮಾಡ್ತಾನೆ. ಆದ್ರೆ ಯಾವ ಕಂಪನಿ ಆದ್ರೂ ದುಡ್ಡು ಬರೋ ಕಡೆಗೆ ತಿರುಗುತ್ತೆ, ಇಡೀ ದಿನಕ್ಕೆ ಬಾಡಿಗೆ ಕೊಡೋರು ಸಿಕ್ಕಾಗ ಹತ್ತು ನಿಮಿಷದ ಪ್ಯಾಸೆಂಜರ್ ಅವರಿಗೆ ಯಾಕೆ ಬೇಕು? ಆ ಹತ್ತು ನಿಮಿಷದ ಪ್ಯಾಸೆಂಜರನ್ನ ನೋಡ್ಕೊಳ್ಳೋದು ಸರ್ಕಾರದ ಕೆಲಸ.

ಸಂಜೆ ಏಳು ಗಂಟೆಗೆ ಯಾವುದಾದ್ರೂ ಮೆಟ್ರೋ ಸ್ಟೇಷನ್ ಹೊರಗೆ ಬಂದು ನಿಂತು ನೋಡಿ, ದಯವಿಟ್ಟು ಸರ್ಕಾರಿ ಕಾರಲ್ಲಿ ಬರಬೇಡಿ, ಮೆಟ್ರೋದಲ್ಲೇ ಬನ್ನಿ. ಮೆಟ್ಟಿಲು ಇಳಿದ ತಕ್ಷಣ ಆಟೋಗಳು ಅಡ್ಡ, ಅದರ ಪಕ್ಕ ಪಾನಿಪುರಿ ಗಾಡಿ, ಅದರಾಚೆ ಫುಟ್‌ಪಾತಿನ ತುದೀಲಿ ನಾಲ್ಕೈದು ಇ-ಬೈಕ್ ಒಂದರ ಮೇಲೊಂದು ವಾಲ್ಕೊಂಡು ನಿಂತಿರುತ್ವೆ. ಒಂದರ ಕ್ಯೂಆರ್ ಕೋಡ್ ಯಾರೋ ಉಜ್ಜಿ ಹಾಕಿರ್ತಾರೆ. ಇನ್ನೊಂದು ಸ್ಕ್ಯಾನ್ ಆಗುತ್ತೆ ಆದ್ರೆ ಚಾರ್ಜ್ ಇಲ್ಲ. ಮೂರನೇದರ ಬ್ರೇಕ್ ಹಿಡಿದ್ರೆ ಹ್ಯಾಂಡಲ್‌ವರೆಗೂ ಸಲೀಸಾಗಿ ಬರುತ್ತೆ. ಸರಿಯಾಗಿರೋದೊಂದು ಸಿಕ್ಕಿ ಮನೆ ಹತ್ತಿರ ಬಂದ್ರೆ, ಇಲ್ಲಿ ರೈಡ್ ಮುಗಿಸೋ ಹಾಗಿಲ್ಲ ಝೋನ್ ಅಲ್ಲ ಅಂತ ಆ್ಯಪ್ ಹೇಳುತ್ತೆ, ಝೋನ್ ಇರೋದು ಅರ್ಧ ಕಿಲೋಮೀಟರ್ ಆಚೆ, ಅಲ್ಲಿ ಬಿಟ್ಟು ವಾಪಸ್ ನಡ್ಕೊಂಡು ಬರಬೇಕು, ರಾತ್ರಿ ಹೊತ್ತು, ಬೀದಿ ದೀಪ ಇಲ್ಲದ ಕಡೆ. ನನ್ನ ಓರಗೆಯ ಎಷ್ಟೋ ಜನ ಹೆಂಗಸರು ಈ ಸೇವೆ ಬಿಟ್ಟಿದ್ದು ಆ ಅರ್ಧ ಕಿಲೋಮೀಟರ್‌ಗೋಸ್ಕರ. 2025ರ ಫೆಬ್ರವರೀಲಿ ಮೆಟ್ರೋ ಟಿಕೆಟ್ ಗರಿಷ್ಠ 60ರಿಂದ 90 ರೂಪಾಯಿಗೆ ಏರಿತು, ಅದರ ಮೇಲೆ ಎರಡೂ ತುದೀಲಿ ಆಟೋ ದುಡ್ಡು ಸೇರಿಸಿದ್ರೆ ಸ್ಕೂಟರ್ ಪೆಟ್ರೋಲೇ ಅಗ್ಗ, ಮನೆಯವರ ಲೆಕ್ಕಾನ ತಪ್ಪು ಅನ್ನೋಕಾಗಲ್ಲ.

ಕಾರಿನ ಕಡೆ ತೊಂದರೆ ಬೇರೆ ಥರ. ಬುಕ್ ಮಾಡಿದ ಕಾರು ಇರೋದು ಎಲ್ಲೋ ಆರು ಏಳು ಕಿಲೋಮೀಟರ್ ದೂರದ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ, ಅದನ್ನ ತರೋಕೆ ಬೆಳಿಗ್ಗೆ ಐದಕ್ಕೆ ಆಟೋ ಹಿಡೀಬೇಕು, ಅಲ್ಲಿ ಹೋಗಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಬಂಪರ್, ನಾಲ್ಕೂ ಡೋರು, ನಾಲ್ಕೂ ಟೈರು, ಸ್ಟೆಪ್ನಿ, ಪೆಟ್ರೋಲ್ ಮುಳ್ಳು ಎಲ್ಲಾ ಫೋಟೋ ತೆಗೀಬೇಕು, ಇಲ್ಲಾಂದ್ರೆ ಹಳೇ ಸ್ಕ್ರಾಚ್ ನಮ್ಮ ತಲೆಗೆ ಬರುತ್ತೆ. ನಮ್ಮ ಭಾವ ಒಂದು ಕಂಪನಿಯಿಂದ ಕಾರು ತಗೊಂಡು ಹೀಗೇ ಒಂದು ಗೀರಿಗೆ ಡೆಪಾಸಿಟ್ ಪೂರ್ತಿ ಕಳ್ಕೊಂಡ್ರು, ಫೋಟೋ ಕಳಿಸಿದ್ರೂ ಉತ್ತರ ಇಲ್ಲ, ಫೋನ್ ಎತ್ತೋದು ಬಾಟ್. ಹೆಸರು ಬರೆಯೋದು ಬೇಡ. ದೂರು ಕೊಡೋಕೆ ಒಂದು ಕಿಟಕಿ ಬೇಕಿತ್ತು, ಬಳಕೆದಾರರ ಕೋರ್ಟಿಗೆ ಹೋಗುವಷ್ಟು ಟೈಮ್ ಯಾರ ಹತ್ರ ಇದೆ. ಆದ್ಮೇಲೆ ಅವರು ಮಾಡಿದ್ದೇನು ಗೊತ್ತಾ, ಸೆಕೆಂಡ್ ಹ್ಯಾಂಡ್ ಕಾರು ಕೊಂಡ್ರು. ಅದು ಈಗ ಬೀದೀಲಿ ನಿಂತಿದೆ.

ಕಾನೂನೂ ಹಳೇದು. ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರದ ಸೆಲ್ಫ್ ಡ್ರೈವ್ ಕಾರಿಗೆ ಲೈಸೆನ್ಸ್ ಬರೋದು ಕೇಂದ್ರದ 1989ರ ರೆಂಟ್ ಎ ಕ್ಯಾಬ್ ಸ್ಕೀಮಲ್ಲಿ, ಅದರಲ್ಲಿ ಕನಿಷ್ಠ 50 ಕಾರು ಇರಬೇಕು ಅಂತ ಷರತ್ತು. ದೊಡ್ಡ ಕಂಪನಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ಲೇಔಟಿನ ಮೂವತ್ತು ಮನೆಯವರು ಸೇರಿ ಒಂದು ಸಹಕಾರ ಸಂಘ ಮಾಡಿ ಮೂರು ಕಾರು ಇಟ್ಕೊಂಡು ನಮ್ಮನಮ್ಮಲ್ಲೇ ಬಾಡಿಗೆಗೆ ಓಡಿಸ್ತೀವಿ ಅಂದ್ರೆ ದಾರಿ ಇಲ್ಲ. ಹಾಲಿಗೆ ಸಂಘ, ಸಾಲಕ್ಕೆ ಸಂಘ, ಮನೆ ಕಟ್ಟೋಕೆ ಸಂಘ ಮಾಡಿ ನಡೆಸಿ ತೋರಿಸಿರೋ ರಾಜ್ಯ ನಮ್ಮದು, ಕಾರಿಗೂ ಮಾಡ್ತೀವಿ, ಬಿಡಿ ನಮ್ಮನ್ನ.

ಇಷ್ಟೆಲ್ಲಾ ಹೇಳಿದ್ಮೇಲೂ ಅಸಲಿ ವಿಷಯಕ್ಕೆ ಬರ್ಲಿಲ್ಲ ಅಂದ್ರೆ ಪ್ರಯೋಜನ ಇಲ್ಲ. ಸೈಕಲ್ಲಿಗೂ ಶೇರ್ ಕಾರಿಗೂ ಇಬ್ಬರಿಗೂ ಎದುರಾಳಿ ಒಂದೇ, ಬೀದೀಲಿ ಬಿಟ್ಟಿ ಸಿಗೋ ಪಾರ್ಕಿಂಗ್. ನನ್ನ ಸ್ವಂತ ಕಾರನ್ನ ನಾನು ವರ್ಷವೆಲ್ಲಾ ರಸ್ತೇಲಿ ಪುಕ್ಕಟೆ ನಿಲ್ಲಿಸಬಹುದು, ಅದೇ ಮೂವತ್ತು ಮನೆಗೆ ಉಪಯೋಗ ಆಗೋ ಕಾರಿಗೆ ಅಲ್ಲಿ ಹಕ್ಕಿಲ್ಲ, ಸೈಕಲ್ ಸ್ಟ್ಯಾಂಡಿಗೂ ಹಕ್ಕಿಲ್ಲ. ಡಲ್ಟ್‌ನವರೇ ಮಾಡಿದ ಪಾರ್ಕಿಂಗ್ ಪಾಲಿಸಿ 2.0ಗೆ 2021ರಲ್ಲಿ ಒಪ್ಪಿಗೆ ಸಿಕ್ತು, ಮನೆ ಮುಂದಿನ ರಸ್ತೇಲಿ ಕಾರು ನಿಲ್ಲಿಸೋಕೆ ಪರ್ಮಿಟ್ ತಗೋಬೇಕು, ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000ದವರೆಗೆ ಅಂತ ಅದರಲ್ಲಿತ್ತು. ದಿನದ ಲೆಕ್ಕಕ್ಕೆ ಮೂರು ರೂಪಾಯಿಂದ ಹದಿನಾಲ್ಕು ರೂಪಾಯಿ ಆಯ್ತು. ಅಷ್ಟನ್ನೂ ನಮ್ಮ ಬೀದೀಲಿ ಇವತ್ತಿಗೂ ಯಾರೂ ಕೇಳೋಕೆ ಬಂದಿಲ್ಲ. ಜನ ಬೈತಾರೆ ಅಂತ ಹೆದರ್ತೀರ, ಅರ್ಥ ಆಗುತ್ತೆ. ಆದ್ರೆ ಆ ದುಡ್ಡು ಅದೇ ವಾರ್ಡಿನ ಸೈಕಲ್ ಸ್ಟ್ಯಾಂಡ್, ಬೀದಿ ದೀಪ, ಫುಟ್‌ಪಾತ್‌ಗೆ ಹೋಗುತ್ತೆ ಅಂತ ಬೋರ್ಡ್ ಹಾಕಿ ತೋರಿಸಿ ನೋಡಿ, ಬೈಯೋರ ಜೊತೆ ಕೊಡೋರೂ ಸಿಗ್ತಾರೆ, ನಾನಂತೂ ಇದೀನಿ.

ಲೇನ್ ಬಗ್ಗೆ ಉದ್ದಕ್ಕೆ ಬರೆಯಲ್ಲ. ಜಯನಗರದಲ್ಲಿ ಮಾಡಿದ ಸೈಕಲ್ ಲೇನ್ ಮೇಲೆ ಕಾರು ನಿಂತವು, 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಬೊಲಾರ್ಡ್ ಅನ್ನೋ ಗಿಡ್ಡ ಕಂಬ ನಿಲ್ಲಿಸಿ ಮಾಡಿದ ತಾತ್ಕಾಲಿಕ ಪಾಪ್-ಅಪ್ ಸೈಕಲ್ ಲೇನ್ ಮೇಲೆ ಬೈಕ್‌ಗಳು ನುಗ್ಗಿದ್ವು. ಲೇನ್ ಮಾಡಿದವರೇ ಕಾವಲಿಗೂ ಜನ ಕೊಡಬೇಕು, ಅಷ್ಟೇ.

ನಮ್ಮ ಬೇಡಿಕೆಗಳು ಇವು. ಪ್ರತಿ ಮೆಟ್ರೋ ಸ್ಟೇಷನ್ ಮತ್ತು ಟಿಟಿಎಂಸಿ ಅಂತ ಕರೆಯೋ ದೊಡ್ಡ ಬಸ್ ನಿಲ್ದಾಣದ ಬಾಗಿಲಿಂದ ಐವತ್ತು ಹೆಜ್ಜೆ ಒಳಗೆ ಸೈಕಲ್‌ಗೆ ಖಾಯಂ ಜಾಗ, ಮೇಲೆ ಲೈಟು, ಕ್ಯಾಮೆರಾ, ಮತ್ತೆ ಸುತ್ತಲಿನ ಎರಡು ಮೂರು ಕಿಲೋಮೀಟರ್‌ನಲ್ಲಿ ಮನೆಗಳ ಹತ್ತಿರ, ಪಾರ್ಕ್, ಹಾಲಿನ ಬೂತ್, ಸ್ಕೂಲ್ ಪಕ್ಕ ಸಣ್ಣ ಸ್ಟ್ಯಾಂಡ್‌ಗಳು, ಬರೀ ಸ್ಟೇಷನಲ್ಲಿ ಇದ್ರೆ ಅರ್ಧ ಕೆಲಸ ಆದ ಹಾಗೆ. ಮೆಟ್ರೋದಲ್ಲಿ ನಡೆಯೋ ಎನ್‌ಸಿಎಂಸಿ ಕಾರ್ಡಲ್ಲೇ ಸೈಕಲ್ ಬಿಡಿಸೋ ಹಾಗಿರಲಿ, ಮೆಟ್ರೋ ಇಳಿದವರಿಗೆ ಮೊದಲ ಅರ್ಧ ಗಂಟೆ ಫ್ರೀ ಇರಲಿ. ಓಡಿಸೋ ಕಂಪನಿಗೆ ದುಡ್ಡು ಕೊಡೋದಾದ್ರೆ ಎಷ್ಟು ಸೈಕಲ್ ತಂದ್ರು ಅಂತ ನೋಡಿ ಕೊಡಬೇಡಿ, ಬೆಳಿಗ್ಗೆ ಎಂಟಕ್ಕೂ ಸಂಜೆ ಏಳಕ್ಕೂ ಎಷ್ಟು ಸೈಕಲ್ ಬ್ರೇಕ್ ಚಾರ್ಜ್ ಸರಿಯಿದ್ದು ನಿಂತಿದ್ವು ಅಂತ ನೋಡಿ ಕೊಡಿ. ಕಾರಿಗೆ ಪ್ರತಿ ವಾರ್ಡಲ್ಲಿ ಒಂದಷ್ಟು ಗುರುತು ಹಾಕಿದ ಜಾಗ, ತಗೊಂಡಲ್ಲೇ ವಾಪಸ್ ನಿಲ್ಲಿಸೋ ಕಾರಿಗೆ ಮಾತ್ರ, ಇಲ್ಲಿ ಹತ್ತಿ ಅಲ್ಲಿ ಬಿಡೋದಕ್ಕೆ ಆಟೋ ಟ್ಯಾಕ್ಸಿ ಸಾಕು. ಆ ಜಾಗ ಕೊಡುವಾಗಲೇ ಡೆಪಾಸಿಟ್ ತಕರಾರು ಇಷ್ಟು ದಿನದಲ್ಲಿ ಇತ್ಯರ್ಥ ಆಗಬೇಕು ಅಂತ ಕರಾರು ಬರೆಸ್ಕೊಳ್ಳಿ. 50 ಕಾರಿನ ಷರತ್ತು ಸಹಕಾರ ಸಂಘಗಳಿಗೆ ಸಡಿಲ ಮಾಡಿ ಅಂತ ಸಾರಿಗೆ ಇಲಾಖೆಯವರು ದೆಹಲಿಗೆ ಪತ್ರ ಬರೀರಿ.

ಇಡೀ ಊರಿಗೆ ಒಂದೇ ಸಲ ಆಗಲ್ಲ, ಗೊತ್ತು. ನೇರಳೆ ಮಾರ್ಗದಲ್ಲಿ ವಿಜಯನಗರ, ಹೊಸಹಳ್ಳಿ ಈ ಎರಡು ಸ್ಟೇಷನ್, ಅದರ ಸುತ್ತಲಿನ ವಾರ್ಡ್‌ಗಳು, ಇಷ್ಟರಲ್ಲೇ ಶುರು ಮಾಡಿ. ವಿಜಯನಗರದಲ್ಲಿ ಟಿಟಿಎಂಸಿ ಇದೆ, ಮೆಟ್ರೋ ಇದೆ, ಮಾರ್ಕೆಟ್ ಇದೆ, ಗಿಜಿಗುಡೋ ಮನೆಗಳಿವೆ, ಇಲ್ಲಿ ನಡೆದ್ರೆ ಬೇರೆ ಕಡೆ ಹೇಗೆ ಮಾಡೋದು ಅಂತ ಗೊತ್ತಾಗುತ್ತೆ. ನಮ್ಮ ಬೀದೀಲಿ ಸ್ಟ್ಯಾಂಡ್ ಎಲ್ಲಿ ಮಾಡಬಹುದು, ಟ್ರಾನ್ಸ್‌ಫಾರ್ಮರ್ ಎಲ್ಲಿದೆ, ಮಳೆ ಬಂದ್ರೆ ನೀರು ಎಲ್ಲಿ ನಿಲ್ಲುತ್ತೆ ಅಂತ ಅಕ್ಕಪಕ್ಕದ ಮನೆಯವರೆಲ್ಲಾ ಸೇರಿ ಒಂದು ನಕ್ಷೆ ಮಾಡಿಟ್ಟಿದೀವಿ. ನಿಮ್ಮ ಇಂಜಿನಿಯರ್ ಯಾವತ್ತು ಬರ್ತಾರೆ ಅಂತ ತಿಳಿಸಿದ್ರೆ ಜೊತೆಗೆ ಓಡಾಡಿ ತೋರಿಸ್ತೀವಿ, ಶನಿವಾರ ಬೆಳಿಗ್ಗೆ ಆದ್ರೆ ಎಲ್ಲರೂ ಮನೇಲಿರ್ತೀವಿ.

ಇಂತಿ,
ವಿಜಯನಗರದ ಒಬ್ಬ ನಿವಾಸಿ